ದೊಡ್ಡ ಹಗಲಿನ ಎಡೆ

ಮೊನ್ನೆ ತರಕಾರಿ ಚೀಲ ಹಿಡಿದು ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನೊಳಗೆ ಕಾಲಿಟ್ಟೆನೋ ಇಲ್ಲವೋ, ಕೋಳಿ ಸಾರಿನ ವಾಸನೆ ಮೂಗಿಗೆ ಬಡಿಯಿತು. ಲಿಫ್ಟಿನಲ್ಲಿ ಯಾರೂ ಇರಲಿಲ್ಲ. ಯಾರ ಮನೆಗೋ ಹೋದ ಊಟದ ಡಬ್ಬಿ ತನ್ನ ಘಮವನ್ನಷ್ಟೇ ಬಿಟ್ಟು ಹೋಗಿತ್ತು. ನಾನು ಹುಟ್ಟಾ ಸಸ್ಯಾಹಾರಿ. ಆದರೂ ಆ ಸಾರಿಗೆ ಏನೇನು ಬಿದ್ದಿದೆಯೆಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ: ಕೆಂಡದಲ್ಲಿ ಸುಟ್ಟ ಈರುಳ್ಳಿ, ಹುರಿದ ಧನಿಯ, ಕೈತುಂಬ ಬೆಳ್ಳುಳ್ಳಿ, ಚೂರು ಚಕ್ಕೆ ಲವಂಗ. ಇದನ್ನೆಲ್ಲ ಎಲ್ಲಿ ಕಲಿತೆ ಅನ್ನುತ್ತೀರಾ? ಅದನ್ನೇ ಹೇಳಲು ಕೂತಿದ್ದೇನೆ. ಕೂತಿದ್ದೇನೆ ಎಂಬುದೂ ಪೂರ್ತಿ ನಿಜವಲ್ಲ. ಇಷ್ಟು ಬರೆಯುವಷ್ಟರಲ್ಲಿ ಮೂರು ಸಲ ಎದ್ದು ಬಾಲ್ಕನಿಗೆ ಹೋಗಿ ಬಂದಿದ್ದೇನೆ.

ಬ್ರೂಕ್‌ಫೀಲ್ಡಿನ ಈ ಮನೆ ಮಗಳದು, ಏಳನೆಯ ಮಹಡಿ. ಅವತ್ತು ಲಿಫ್ಟು ಏಳಕ್ಕೆ ಬಂದು ಬಾಗಿಲು ತೆರೆಯಿತು. ನಾನು ಇಳಿಯಲಿಲ್ಲ. ಬಾಗಿಲು ಮುಚ್ಚಿತು, ಕೆಳಗಿಳಿಯಿತು, ಮತ್ತೆ ಮೇಲೆ ಬಂತು. ಎರಡು ಸಲ ಹೀಗೆ ಪುಕ್ಕಟೆ ಪ್ರಯಾಣ ಮಾಡಿದ ಮೇಲೆ ಮನೆ ಸೇರಿದೆ. ಅಲ್ಲೂ ಅಡುಗೆಮನೆಯಿಂದ ಹಾಲಿಗೆ, ಹಾಲಿನಿಂದ ಅಡುಗೆಮನೆಗೆ. “ಅಮ್ಮಾ, ಒಂದ್ ಕಡೆ ಕೂತ್ಕೋಬಾರ್ದಾ? ನಿನ್ನ ನೋಡಿದ್ರೆ ನಂಗೇ ಸುಸ್ತಾಗುತ್ತೆ” ಎಂದಳು ಮಗಳು. ಜೂನ್ ತಿಂಗಳ ಮೂರನೆಯ ವಾರ ಬಂತೆಂದರೆ ನನಗೆ ಪ್ರತಿ ವರ್ಷವೂ ಹೀಗೇ. ಮಗಳು ಇದಕ್ಕೆ ಬಿ.ಪಿ. ಎಂದು ಹೆಸರಿಟ್ಟಿದ್ದಾಳೆ. ಅದು ಬಿ.ಪಿ. ಅಲ್ಲ, ಪಿಳ್ಳಮ್ಮ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಪೀಣ್ಯದಲ್ಲಿ ಆಗ ಒಂದು ಕಡೆ ರಾಗಿ ಹೊಲ, ಪಕ್ಕದಲ್ಲೇ ತಗಡಿನ ಶೆಡ್ಡು, ಅದರಾಚೆ ಮತ್ತೆ ರಾಗಿ ಹೊಲ. ನಮ್ಮಪ್ಪ ಅಲ್ಲಿಯ ಒಂದು ಕಾರ್ಖಾನೆಯಲ್ಲಿ ಮೋಟಾರಿಗೆ ತಾಮ್ರದ ತಂತಿ ಸುತ್ತುವ ವಿಭಾಗದಲ್ಲಿದ್ದರು. ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟವರು ಬಸ್ಸಿನಲ್ಲೇ ಎದೆ ಹಿಡಿದುಕೊಂಡು ಕುಸಿದರು, ಏಳಲಿಲ್ಲ. ಅಮ್ಮ, ನಾನು, ಇಬ್ಬರೇ ಉಳಿದೆವು. ಕಾರ್ಖಾನೆಯವರು ಕನಿಕರಪಟ್ಟು ನನಗೆ ಆಫೀಸಿನಲ್ಲಿ ಟೈಪಿಸ್ಟ್ ಕೆಲಸ ಕೊಟ್ಟರು. ಟೆಂಪರರಿ. ಆರಾರು ತಿಂಗಳಿಗೊಮ್ಮೆ ಆರ್ಡರ್ ಹೊಸದಾಗಬೇಕು. ನನಗಾಗ ಇಪ್ಪತ್ತೊಂದು, ಟೈಪಿಂಗ್ ಗೊತ್ತು, ಶಾರ್ಟ್‌ಹ್ಯಾಂಡ್ ಅರ್ಧಂಬರ್ಧ ಗೊತ್ತು, ಹೆದರಿಕೆ ಮಾತ್ರ ಪೂರ್ತಿ ಗೊತ್ತು. ಯಾರಾದರೂ ಸ್ವಲ್ಪ ಜೋರಾಗಿ ‘ಏನಮ್ಮಾ’ ಎಂದರೆ ಸಾಕು, ತಪ್ಪು ನನ್ನದೇ ಎಂದು ಒಪ್ಪಿಕೊಂಡುಬಿಡುತ್ತಿದ್ದೆ.

ಅಪ್ಪನ ಕರ್ಮಗಳನ್ನೆಲ್ಲ ಚಿಕ್ಕಪ್ಪ ತುಮಕೂರಿನಲ್ಲಿ ಮಾಡಿ ಮುಗಿಸಿದರು. ಅಲ್ಲಿ ನಮಗೆ ಊಟದ ಎಲೆ ಇತ್ತು, ಮಂತ್ರದಲ್ಲಿ ಜಾಗವಿರಲಿಲ್ಲ. ಗಂಡುಮಕ್ಕಳಿಲ್ಲದ ಮನೆಯ ರೀತಿಯೇ ಹಾಗೆ ಎಂದು ಎಲ್ಲರೂ ಅಂದರು, ನಾವೂ ಹೂಂ ಅಂದೆವು. ಆಮೇಲೆ ನಮ್ಮ ಮನೆಯಲ್ಲಿ ಅಪ್ಪನ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಅಮ್ಮನಿಗಂತೂ ಮೊದಲಿನಿಂದಲೂ ಅವರು ‘ಇವರು’. ನನಗೆ ಅಪ್ಪ. ಇನ್ನು ಹೆಸರು ಹಿಡಿದು ಕರೆಯುವವರು ಯಾರು?

ಕಾರ್ಖಾನೆಗೆ ನಡೆದೇ ಹೋಗಬಹುದೆಂದು ದಾಸರಹಳ್ಳಿಯ ಕಡೆ ಒಂದು ವಠಾರದಲ್ಲಿ ಮನೆ ಹಿಡಿದೆವು. ವಠಾರದ ಯಜಮಾನಿ ಪಿಳ್ಳಮ್ಮ. ಅರವತ್ತರ ಆಸುಪಾಸು, ಗಂಡ ಇಲ್ಲ. ಮಗ ಹನುಮಂತರಾಯಪ್ಪ ಟೆಂಪೋ ಓಡಿಸುತ್ತಿದ್ದರು. ಕಾರ್ಖಾನೆಗಳಿಗೆ ಜಮೀನು ಹೋದ ಮೇಲೆ ಉಳಿದ ಜಾಗದಲ್ಲಿ ಸಾಲಾಗಿ ಆರು ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ಪಿಳ್ಳಮ್ಮನಿಗೆ ನಮ್ಮ ಮೇಲೆ ಬಾಡಿಗೆದಾರರೆಂಬ ಭಾವನೆಯೇ ಇರಲಿಲ್ಲ. ತಮ್ಮ ಹಟ್ಟಿಗೆ ಬಂದು ಕಟ್ಟಿಕೊಂಡ ದನಗಳೆಂಬಂತೆ ಕಾಳಜಿ ಮಾಡುತ್ತಿದ್ದರು. “ಉಂಡ್ಯಾ?”, “ಯಾಕಮ್ಮಿ ಮುಕ ಇಂಗೈತೆ?”, “ತಲೆಗೆ ಎಣ್ಣೆ ಇಟ್ಕಳ್ಳೆ, ಒಣ್ಗೋಗೈತೆ.” ಇಷ್ಟನ್ನು ದಿನಕ್ಕೆರಡು ಸಲ ಕೇಳದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ.

ಅವರ ಮನೆಯಲ್ಲೊಂದು ಹಬ್ಬವಿತ್ತು. ಹಿರಿಯರ ಹಬ್ಬವನ್ನು ಊರೆಲ್ಲ ಮಹಾಲಯ ಅಮಾವಾಸ್ಯೆಗೆ ಮಾಡುತ್ತದಲ್ಲ, ಅದನ್ನು ಅವರೂ ಮಾಡುತ್ತಿದ್ದರು. ಆದರೆ ಅದಕ್ಕಿಂತ ದೊಡ್ಡದು ಜೂನ್ ತಿಂಗಳಲ್ಲಿ, ವರ್ಷದ ಅತಿ ಉದ್ದದ ಹಗಲಿನಂದು ಬರುತ್ತಿತ್ತು. ಬೇರೆ ಮನೆಗಳಲ್ಲಿ ಇದನ್ನು ಕಂಡಿಲ್ಲ. ಸೂರ್ಯ ಬಡಗಣಕ್ಕೆ ನಡೆದೂ ನಡೆದೂ ಅವತ್ತು ನಿಲ್ಲುತ್ತಾನೆ, ಮಾರನೆಯ ದಿನದಿಂದ ತೆಂಕಣಕ್ಕೆ ತಿರುಗುತ್ತಾನೆ. ತೆಂಕಣ ಹಿರಿಯರ ದಿಕ್ಕು. “ಸೂರಪ್ಪ ನಮ್ಮೋರ ಕಡೀಕೆ ತಿರುಗ್ತಾನಲ್ಲ, ಅದ್ಕೇ ಅವತ್ತು ಅವರಿಗೆ ಬಾಗ್ಲು ತಗೀತದೆ” ಎನ್ನುತ್ತಿದ್ದರು ಪಿಳ್ಳಮ್ಮ. ಇನ್ನೊಂದು ವಿಷಯ. ನೀವು ಬೆಂಗಳೂರಿನವರಾದರೆ ಜೂನಿನಲ್ಲಿ ಒಂದು ಮಧ್ಯಾಹ್ನ ಅಂಗಳಕ್ಕೆ ಇಳಿದು ನೋಡಿ: ಸೂರ್ಯ ನೆತ್ತಿಗಿಂತ ಚೂರು ಬಡಗಣಕ್ಕಿರುವುದರಿಂದ ನೆರಳು ತೆಂಕಣಕ್ಕೆ ಬೀಳುತ್ತದೆ. ಸೊಂಟದೆತ್ತರದ ಕಲ್ಲಿಗೆ ಗೇಣುದ್ದ ನೆರಳು. ಅವರ ಮನೆತನದ ಹಿರಿಯರನ್ನು ಮಣ್ಣು ಮಾಡಿದ ಜಾಗದಲ್ಲಿ ಐದು ಕಲ್ಲುಗಳಿದ್ದವು. ನಡುಮಧ್ಯಾಹ್ನ ಆ ಕಲ್ಲುಗಳ ನೆರಳಿನೊಳಗೆ ಎಡೆ ಇಡಬೇಕು, ಹೆಸರು ಹಿಡಿದು ಕೂಗಬೇಕು. ಹಿರಿಯರು ನೆರಳಿನಲ್ಲಿ ಬಂದು ಉಣ್ಣುತ್ತಾರೆ.

“ಜೂನ್‌ನಲ್ಲಿ ಮೋಡ ಇರುತ್ತಲ್ಲಮ್ಮಾ, ನೆರಳೇ ಬೀಳ್ದಿದ್ರೆ?” ಎಂದು ನಾನೊಮ್ಮೆ ಜಾಣತನ ತೋರಿಸಿದ್ದೆ.

“ಮೋಡ ಇದ್ರೆ ನೆಳ್ಳು ನಿನ್ ಕಣ್ಣಿಗೆ ಕಾಣಾಕಿಲ್ಲ, ಅಷ್ಟೆ. ಅವರಿಗೆ ಕಾಣ್ತದೆ.”

ತೊಡಕು ಎಲ್ಲಿತ್ತೆಂದರೆ, ಆ ಐದು ಕಲ್ಲುಗಳು ನಮ್ಮ ಕಾರ್ಖಾನೆಯ ಕಾಂಪೌಂಡಿನೊಳಗಿದ್ದವು. ಹಿಂಬದಿಯ ಗೋಡೆಗೆ ಹತ್ತಿರ, ಒಂದು ಹೊಂಗೆ ಮರದ ಬಳಿ. ಜಮೀನು ಬಿಟ್ಟುಕೊಟ್ಟಾಗ ‘ವರ್ಷಕ್ಕೊಂದು ದಿನ ಬಂದು ಹೋಗಿ’ ಎಂದು ಯಾರೋ ಬಾಯಿಮಾತಿನಲ್ಲಿ ಹೇಳಿದ್ದರು. ಹಳೆಯ ಅಧಿಕಾರಿಗಳಿದ್ದಷ್ಟು ದಿನ ಹಾಗೇ ನಡೆಯಿತು. ಆ ವರ್ಷ ಹೊಸ ಪರ್ಸನಲ್ ಆಫೀಸರ್ ಬಂದಿದ್ದರು. ಯಾರೇ ಒಳಗೆ ಬರಬೇಕಾದರೂ ಅರ್ಜಿ ಕೊಡಬೇಕೆಂದು ಗೇಟಿನಲ್ಲಿ ಬೋರ್ಡು ಹಾಕಿಸಿದರು. ಪಿಳ್ಳಮ್ಮ ನನ್ನ ಕೈಲೇ ಅರ್ಜಿ ಬರೆಸಿ ಹೆಬ್ಬೆಟ್ಟು ಒತ್ತಿದರು. “ನೀನೇ ಅಲ್ಲಿರುವಾಗ ನಂಗೇನು ಬಯ?” ಎಂದರು. ನಾನು ದೊಡ್ಡ ಮನುಷ್ಯಳ ಹಾಗೆ ನಕ್ಕೆ.

ಆಫೀಸರು ಅರ್ಜಿ ಓದಿ ಪಕ್ಕಕ್ಕಿಟ್ಟರು. ಕೆಟ್ಟವರಲ್ಲ, ದನಿ ಎತ್ತುತ್ತಿರಲಿಲ್ಲ, ಅದೇ ಒಂದು ಭಯ. “ನೋಡಮ್ಮಾ, ಇವತ್ತು ಎಡೆ ಅಂತಾರೆ, ನಾಳೆ ಗುಡಿ ಅಂತಾರೆ, ನಾಳಿದ್ದು ಜಾಗಾನೇ ನಮ್ದು ಅಂತಾರೆ. ಅಲ್ಲಿ ಹೊಸ ಶೆಡ್ ಬರ್ಬೇಕು. ಮೇಲಿನೋರು ಕೇಳಿದ್ರೆ ನಾನೇನ್ ಹೇಳ್ಲಿ? ಹೂಂ, ಬರ್ಕೊಳ್ಳಿ” ಎಂದು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಹೇಳಿದರು. ಭದ್ರತೆಯ ಕಾರಣದಿಂದ ಅನುಮತಿ ಕೊಡಲಾಗದು, ವಿಷಾದಿಸುತ್ತೇವೆ ಎಂಬ ಅರ್ಥದ ನಾಲ್ಕು ಸಾಲು. ನಾನು ಬರೆದುಕೊಂಡೆ. ‘ಸಾರ್, ಅವರು ನಮ್ಮ ಮನೆ ಓನರು, ಒಂದೇ ಗಂಟೆ ಕೆಲಸ, ನಾನು ಜವಾಬ್ದಾರಿ’ ಎಂಬ ಮಾತು ಗಂಟಲಿನವರೆಗೆ ಬಂದಿತ್ತು. ಅದರ ಬೆನ್ನಿಗೇ ನನ್ನ ಆರು ತಿಂಗಳ ಆರ್ಡರ್ ಮುಂದಿನ ತಿಂಗಳು ಮುಗಿಯುತ್ತದೆಂಬುದೂ ನೆನಪಾಯಿತು. ಎರಡೂ ಒಟ್ಟಿಗೆ ಒಳಗೆ ಹೋದವು. ಕಾಗದ ಟೈಪ್ ಮಾಡಿದೆ. “ನೀವು ಅಲ್ಲೇ ಇರೋದಲ್ವಾ, ನೀವೇ ಕೊಟ್ಬಿಡಿ” ಎಂದರು.

ಸಂಜೆ ಪಿಳ್ಳಮ್ಮ ಜಗಲಿಯಲ್ಲಿ ಅವರೆಕಾಳು ಕೇರುತ್ತಿದ್ದರು. ಮೊರವನ್ನು ಪಕ್ಕಕ್ಕಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಕಾಗದ ತೆಗೆದುಕೊಂಡರು, ಕಣ್ಣಿಗೊತ್ತಿಕೊಂಡರು. ಹೌದು, ಕಣ್ಣಿಗೊತ್ತಿಕೊಂಡರು. ಆಮೇಲೆ ನನ್ನ ಕೈಗೇ ಕೊಟ್ಟು, “ಓದವ್ವ” ಎಂದರು.

ನಾನು ಓದಿದೆ. ನನ್ನ ಬಾಯಿಂದ ಬಂದದ್ದು ಇಷ್ಟು: “ನಿಮ್ಮ ಅರ್ಜಿ ಬಂದಿದೆ, ವಿಚಾರ ಮಾಡ್ತೀವಿ ಅಂತ ಬರ್ದಿದ್ದಾರೆ.”

“ಇಚಾರ ಮಾಡ್ತೀವಿ ಅಂದ್ರೆ ಆಯ್ತು ಅಂತ್ಲೇ ತಾನೆ?”

ಹೇಳಬಹುದಾಗಿತ್ತು. ಅಂಥ ಅವಕಾಶ ಎರಡನೆಯ ಸಲ ಸಿಗುವುದು ಕಡಿಮೆ. ನಾನು “ಹೂಂ” ಎಂದೆ.

ಮುಂದಿನ ಎಂಟು ದಿನ ನನ್ನ ಪಾಡು ಏನು ಹೇಳಲಿ. ಕಾರ್ಬನ್ ಹಾಳೆಯನ್ನು ತಿರುಗುಮುರುಗು ಹಾಕಿ ಟೈಪ್ ಮಾಡಿದೆ. ಒಂದೇ ಕಾಗದವನ್ನು ಇಬ್ಬರಿಗೆ ಕಳಿಸಿದೆ. ಮನೆಗೆ ಬಂದರೆ ಪಿಳ್ಳಮ್ಮನ ಕಣ್ಣು ತಪ್ಪಿಸಿ ಹಿತ್ತಿಲ ಕಡೆಯಿಂದ ಒಳಗೆ ನುಸುಳುತ್ತಿದ್ದೆ. ಅವರೋ ದಿನ ದಿನಕ್ಕೂ ಉತ್ಸಾಹ ಹೆಚ್ಚಿ, ಕೋಳಿ ಯಾವುದು, ರಾಗಿ ಎಷ್ಟು ಬೀಸಬೇಕು, ಯಾರ್ಯಾರಿಗೆ ಏನಿಷ್ಟ ಎಂದು ಗೋಡೆಯಾಚೆಯಿಂದಲೇ ಕೂಗಿ ಹೇಳುತ್ತಿದ್ದರು. ಅಮ್ಮನ ಹತ್ತಿರ ಬಾಯಿಬಿಟ್ಟೆ. ಅಮ್ಮ ಬಹಳ ಹೊತ್ತು ಅಕ್ಕಿ ಆರಿಸುತ್ತಲೇ ಇದ್ದಳು. “ಈಗ ಹೇಳಿದ್ರೆ ಅವರು ಗೇಟಲ್ಲಿ ಹೋಗಿ ಗಲಾಟೆ ಮಾಡ್ತಾರೆ. ನಿನ್ ಹೆಸರು ಬರತ್ತೆ. ಸುಮ್ನಿರು” ಎಂದಳು. ಅಕ್ಕಿಯಿಂದ ಒಂದು ಕಲ್ಲು ಹೆಕ್ಕಿ ಎಸೆದು, “ಸುಮ್ನಿರಕ್ಕೂ ಆಗಲ್ಲ ಅಲ್ವಾ” ಎಂದಳು. ಎರಡೂ ಸರಿ. ನಾನು ಎದ್ದು ಅಂಗಳ ಸುತ್ತಿ ಬಂದೆ.

ಆ ದಿನ ಬೆಳಿಗ್ಗೆ ವಠಾರವೆಲ್ಲ ಸುಟ್ಟ ಈರುಳ್ಳಿಯ ಘಮ. ನಾನು ತಿಂಡಿ ತಿನ್ನದೆ ಕಳ್ಳಿಯಂತೆ ಕೆಲಸಕ್ಕೆ ಹೋದೆ. ಹನ್ನೊಂದೂವರೆಗೆ ಆಫೀಸಿನ ಫೋನ್ ಹೊಡೆದುಕೊಂಡಿತು. ಗೇಟಿನ ವಾಚ್‌ಮನ್ ಗಂಗಣ್ಣ. “ಮೇಡಂ, ಪಿಳ್ಳಮ್ಮಾರು ಬಂದವ್ರೆ, ಮಗಾನೂ ಅವ್ರೆ. ಪರ್ಮಿಷನ್ ಆಗೈತೆ, ಟೈಪಿಸ್ಟಮ್ಮ ಓದವ್ರೆ ಅಂತಾರೆ. ನನ್ ತಾವ ಯಾವ್ ಕಾಗ್ದಾನೂ ಇಲ್ವಲ್ಲ?” ಆಫೀಸರು ಯಾವುದೋ ಮೀಟಿಂಗಿನಲ್ಲಿದ್ದರು. ನಾನು ಎದ್ದೆ. ನನ್ನ ಕುರ್ಚಿಯಿಂದ ಗೇಟಿಗೆ ಹೆಚ್ಚೆಂದರೆ ಇನ್ನೂರು ಹೆಜ್ಜೆ. ಅಷ್ಟು ದೂರವನ್ನು ನಾನು ಮತ್ತೆಂದೂ ನಡೆದಿಲ್ಲ.

ಪಿಳ್ಳಮ್ಮ ಹೊಸ ಸೀರೆ ಉಟ್ಟಿದ್ದರು. ತಲೆಯ ಮೇಲೆ ಬಿಳಿ ಬಟ್ಟೆ ಮುಚ್ಚಿದ ಮಂಕರಿ. ನನ್ನನ್ನು ಕಂಡು ಅವರ ಮುಖ ಅರಳಿತು. “ಬಂದ್ಳು ನೋಡು. ಯೋಳವ್ವ ಇವನ್ಗೆ.”

“ಅಮ್ಮಾ, ಆ ಕಾಗದದಲ್ಲಿ ಆಗಲ್ಲ ಅಂತ ಇತ್ತು. ನಾನು ಸುಳ್ಳು ಹೇಳಿದೆ.”

ಹನುಮಂತರಾಯಪ್ಪ “ಏನಂದೆ?” ಎನ್ನುತ್ತ ಮುಂದೆ ಬಂದರು. ಪಿಳ್ಳಮ್ಮ ಮಗನನ್ನು ಕೈಯಿಂದ ತಡೆದರು. ಬೈಯಲಿಲ್ಲ. ಬೈದಿದ್ದರೆ ನಾನು ಅತ್ತು ಹಗುರಾಗಿಬಿಡುತ್ತಿದ್ದೆ. ಮಂಕರಿ ಇಳಿಸಿ, ನನ್ನನ್ನೇ ನೋಡಿ, ಅರ್ಥವಾಗದವರಂತೆ ಕೇಳಿದರು: “ಅವತ್ತೇ ಯೋಳಿದ್ರೆ ನಾನು ಚೇರ್ಮನ್ನೋ, ಯೂನಿಯನ್ನೋರೋ, ಯಾರ್ದಾರ ಕಾಲು ಇಡ್ಕತಿದ್ನಲ್ಲೆ? ಎಂಟು ದಿನ ಇತ್ತಲ್ಲೆ ನಂಗೆ?”

ಅವರ ಎಂಟು ದಿನಗಳನ್ನು ನಾನು ನುಂಗಿಬಿಟ್ಟಿದ್ದೆ.

ಅವರು ತಲೆಯೆತ್ತಿ ಆಕಾಶ ನೋಡಿದರು. ತೆಳುಮೋಡ, ನಡುನಡುವೆ ಬಿಸಿಲು. ನಡುಹಗಲಿಗೆ ಇನ್ನು ಅರ್ಧ ಗಂಟೆ. “ನಮ್ಮುನ್ನ ಬಿಡಾಕಿಲ್ಲ. ನಿನ್ನ ಬಿಡ್ತಾರಲ್ಲ?” ಎಂದರು. “ನೀನೇ ಓಗು.”

“ನಾನಾ? ನಾನು ನಿಮ್ಮ ಮನೆಯವಳಲ್ಲ, ನಾನು ಹೇಗೆ...”

“ಸುಳ್ಳು ಯೋಳಾಕೆ ನಮ್ಮನೇಳು ಆಗಿದ್ದೆ. ಎಡೆ ಇಕ್ಕಾಕೆ ಆಗಾಕಿಲ್ವಾ? ಓಗಿ ಡಬ್ಬಿ ತಗಂಡು ಬಾ.”

ಒಳಗೆ ಓಡಿ ಅಪ್ಪನ ಹಳೆಯ ಊಟದ ಕ್ಯಾರಿಯರ್ ತಂದೆ. ಅದರಲ್ಲಿದ್ದ ಮೊಸರನ್ನವನ್ನು ಗಂಗಣ್ಣ ತಮ್ಮ ತಟ್ಟೆಗೆ ಸುರಿದುಕೊಂಡು ಉಪಕಾರ ಮಾಡಿದರು. ನಮ್ಮ ಮನೆಯಲ್ಲಿ ಮೊಟ್ಟೆಯ ಹೆಸರೆತ್ತಿದರೂ ಅಮ್ಮ ಬಾಗಿಲಿಗೆ ನೀರು ಹಾಕುತ್ತಿದ್ದಳು. ಆ ಕ್ಯಾರಿಯರಿನ ಕೆಳಗಿನ ಡಬ್ಬಿಗೆ ಕೋಳಿ ಸಾರು, ನಡುವಿನದಕ್ಕೆ ಮುದ್ದೆ, ಮೇಲಿನದಕ್ಕೆ ಪಾಯಸ ತುಂಬಿದರು. ಬೇರೊಂದು ಬಟ್ಟೆಯ ಗಂಟಿನಲ್ಲಿ ಬಾಳೆಲೆ, ಬೀಡಿ, ನಶ್ಯ, ಔಷಧದ ಸೀಸೆಯಲ್ಲಿ ಎರಡು ಗುಟುಕು ಸಾರಾಯಿ, ಒಂದು ಹಿಡಿ ಹುರಿಗಡಲೆ ಬೆಲ್ಲ. ಹಲ್ಲಿಲ್ಲದ ಯಾವ ಹಿರಿಯರಿಗಪ್ಪ ಈ ಹುರಿಗಡಲೆ ಎಂದು ಆ ಗಡಿಬಿಡಿಯಲ್ಲೂ ನನಗೆ ಅನ್ನಿಸಿತು.

“ಎಸ್ರು ಬರ್ಕ” ಎಂದರು. ಕಾಗದವಿರಲಿಲ್ಲ. ಎಡ ಅಂಗೈಯ ಮೇಲೆ ಬಾಲ್ ಪೆನ್ನಿನಿಂದ ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಂಡೆ. ದೊಡ್ಡಪಿಳ್ಳಪ್ಪ, ನಂಜಮ್ಮ, ಮುನಿಶಾಮಪ್ಪ. ನಾಲ್ಕನೆಯದಕ್ಕೆ ಪಿಳ್ಳಮ್ಮ ಮಗನ ಕಡೆ ನೋಡಿ, “ನಿಮ್ಮಪ್ಪಂದು ನೀನೇ ಯೋಳು” ಎಂದರು. ಹನುಮಂತರಾಯಪ್ಪ ಎಲ್ಲೋ ನೋಡುತ್ತ “ಚಿಕ್ಕಮುನಿಯಪ್ಪ” ಎಂದರು. ಐದನೆಯದನ್ನು ಪಿಳ್ಳಮ್ಮ ಬಹಳ ತಗ್ಗಿದ ದನಿಯಲ್ಲಿ ಹೇಳಿದರು. ನನ್ನ ಕೈ ಬರೆದುಕೊಂಡಿತು, ಮನಸ್ಸಿನಲ್ಲಿ ನಿಲ್ಲಲಿಲ್ಲ.

ಕ್ಯಾರಿಯರ್ ಹಿಡಿದು ಆಫೀಸು, ಸ್ಟೋರು, ತಂತಿ ಸುತ್ತುವ ವಿಭಾಗ ದಾಟಿ ನಡೆದೆ. ಘಮ ನನಗಿಂತ ಹತ್ತು ಹೆಜ್ಜೆ ಮುಂದೆ ಹೋಗುತ್ತಿತ್ತು. ಸ್ಟೋರಿನವರು ತಲೆಯೆತ್ತಿ ನೋಡಿದರು. ಈ ಪುಳಿಚಾರಿನ ಹುಡುಗಿಯ ಕ್ಯಾರಿಯರಿನಿಂದ ಇದೆಂಥ ವಾಸನೆ ಎಂದುಕೊಂಡಿರಬೇಕು. ಸಾರು ಬೇರೆ ಸೋರುತ್ತಿತ್ತು. ಕೈಯಿಂದ ಕೈಗೆ ಬದಲಿಸುತ್ತ, ಅರ್ಧ ನಡೆದು, ಅರ್ಧ ಓಡಿ ಹಿಂಭಾಗ ಸೇರಿದೆ.

ಹನ್ನೊಂದು ತಿಂಗಳಿಂದ ಆ ಕಾರ್ಖಾನೆಯಲ್ಲಿದ್ದರೂ ಆ ಹೊಂಗೆ ಮರದ ಹತ್ತಿರ ನಾನು ಹೋಗಿರಲಿಲ್ಲ. ಅಪ್ಪ ದಿನವೂ ಊಟ ಮಾಡುತ್ತಿದ್ದುದು ಅಲ್ಲಿಯೇ. “ಇವತ್ತು ಹೊಂಗೆ ಗಾಳಿ ಎಷ್ಟು ತಂಪಿತ್ತು ಗೊತ್ತಾ” ಎಂದು ಮನೆಗೆ ಬಂದು ಹೇಳುತ್ತಿದ್ದರು. ಐದು ಕಲ್ಲುಗಳು ಮರದಿಂದ ಆಚೆ, ಬಯಲಿನಲ್ಲಿ ಸಾಲಾಗಿದ್ದವು. ನಾಲ್ಕು ಸೊಂಟದೆತ್ತರ, ಕೊನೆಯದು ಮೊಣಕಾಲಿನಷ್ಟು. ಅಷ್ಟರಲ್ಲಿ ಮೋಡ ಸರಿದು ಬಿಸಿಲು ಬಂತು. ನೆರಳುಗಳು ತೆಂಕಣಕ್ಕೆ ಬಿದ್ದಿದ್ದವು, ಗೇಣುದ್ದ, ಹೇಳಿದ ಹಾಗೆಯೇ.

ಎಲೆ ಹರಿದು ಐದು ತುಂಡು ಮಾಡಿದೆ. ಮುದ್ದೆ ಮುರಿದಿಟ್ಟೆ, ಕಣ್ಣು ಅರೆ ಮುಚ್ಚಿಕೊಂಡು ಕೋಳಿ ಸಾರು ಬಡಿಸಿದೆ. ಬೀಡಿ ಯಾರಿಗೆ, ನಶ್ಯ ಯಾರಿಗೆ ಗೊತ್ತಿರಲಿಲ್ಲ. ಎಲ್ಲವನ್ನೂ ನಡುವೆ ಇಟ್ಟು, ‘ನೀವು ನೀವೇ ಹಂಚ್ಕೊಳ್ಳಿ’ ಎಂದೆ. ಆಮೇಲೆ ಅಂಗೈ ನೋಡಿ ಕೂಗಿದೆ. ಮೊದಲ ಹೆಸರು ಪಿಸುದನಿಯಲ್ಲಷ್ಟೇ ಹೊರಟಿತು. ಎರಡನೆಯದಕ್ಕೆ ದನಿ ಏರಿತು. “ನಂಜಮ್ಮಾರೇ, ಊಟಕ್ಕೆ ಬನ್ನಿ.” ಮೂರು, ನಾಲ್ಕು. ಐದನೆಯದಕ್ಕೆ ಬಂದರೆ ಅಂಗೈಯಲ್ಲಿ ಸಾರಿನ ಎಣ್ಣೆ ಹರಿದು, ಬರೆದದ್ದು ಕಲಸಿಹೋಗಿತ್ತು. ಲಕಾರದ ಒಂದು ಕೊಂಕು ಮಾತ್ರ ಉಳಿದಿತ್ತು. ಲಕ್ಕಮ್ಮನೋ, ಲಿಂಗಮ್ಮನೋ, ಲಕ್ಷ್ಮಯ್ಯನೋ? ಗೇಟಿಗೆ ಓಡಿ ಕೇಳಿ ಬರೋಣವೆಂದರೆ ನೆರಳು ಕಾಯುವುದಿಲ್ಲ. “ನಿಮ್ಮ ಹೆಸರು ನನಗೆ ತಪ್ಪಿಹೋಯ್ತು. ದಯವಿಟ್ಟು ಬನ್ನಿ” ಎಂದೆ. ನನಗೇ ಅದು ಅರ್ಜಿಯ ಭಾಷೆಯಂತೆ ಕೇಳಿಸಿತು.

ಮುಗಿಯಿತೆಂದು ಏಳಬೇಕಿತ್ತು. ಏಳಲಾಗಲಿಲ್ಲ. ಹೊಂಗೆ ಮರದ ಬುಡದಲ್ಲಿ ಯಾರೋ ದಿನವೂ ಕೂತು ಕೂತು ನುಣುಪಾದ ಬೇರೊಂದಿತ್ತು. ಡಬ್ಬಿಯಲ್ಲಿ ಉಳಿದಿದ್ದ ಪಾಯಸವನ್ನು ಅಲ್ಲಿಗೆ ಒಯ್ದು ಇಟ್ಟೆ. ಹೆಸರು ಹಿಡಿದು ಕೂಗಿದೆ. ನಮ್ಮಪ್ಪನ ಹೆಸರನ್ನು. “ಶ್ರೀನಿವಾಸಮೂರ್ತೀ” ಎಂದು, ಯಾವನೋ ಗೆಳೆಯನನ್ನು ಕರೆದ ಹಾಗೆ. ಬಳಿಕ ಮೆಲ್ಲಗೆ, “ಅಪ್ಪಾ, ಸಾರು ನಿನಗಲ್ಲ, ಇದಷ್ಟೇ” ಎಂದೆ.

ಊಟದ ಸೈರನ್ ಕೂಗಿದ್ದು ನನಗೆ ಕೇಳಿಸಲೇ ಇಲ್ಲ. ತಿರುಗಿ ನೋಡಿದರೆ ಅಪ್ಪನ ವಿಭಾಗದ ಹತ್ತು ಹನ್ನೆರಡು ಜನ ಡಬ್ಬಿ ಹಿಡಿದು ದೂರದಲ್ಲಿ ನಿಂತಿದ್ದರು. ಚಪ್ಪಲಿ ಬಿಟ್ಟು ನಿಂತಿದ್ದರು. ಅವರ ಹಿಂದೆ ಆಫೀಸರು.

“ಯಾರನ್ನ ಕೇಳಿ ಮಾಡಿದ್ರಿ ಇದನ್ನ?”

“ಯಾರನ್ನೂ ಕೇಳ್ಲಿಲ್ಲ ಸಾರ್.” ನನ್ನ ದನಿ ನನಗೇ ಅಪರಿಚಿತವಾಗಿತ್ತು. ‘ತಪ್ಪಾಯ್ತು ಸಾರ್’ ಎಂಬುದು ಯಾಕೋ ಆವತ್ತು ಬಾಯಿಗೆ ಬರಲಿಲ್ಲ.

ಆಫೀಸರು ಎಲೆಗಳನ್ನೂ, ಜನರನ್ನೂ ನೋಡಿ ಹೊರಟುಹೋದರು. ಮೂರು ಗಂಟೆಗೆ ಕರೆದು ಒಂದು ಮೆಮೋ ಹೇಳಿ ಬರೆಸಿದರು. ನನ್ನ ಮೇಲಿನ ಮೆಮೋ. ಇದ್ದ ಟೈಪಿಸ್ಟ್ ನಾನೊಬ್ಬಳೇ; ನಾನೇ ಟೈಪ್ ಮಾಡಿದೆ. ಎಂಟು ದಿನಗಳಲ್ಲಿ ಒಂದೂ ತಪ್ಪಿಲ್ಲದೆ ಹೊಡೆದ ಕಾಗದ ಅದೊಂದೇ.

ಸಂಜೆ ವಠಾರಕ್ಕೆ ಬಂದಾಗ ಪಿಳ್ಳಮ್ಮ ಜಗಲಿಯಲ್ಲಿದ್ದರು, ಊಟ ಮಾಡಿರಲಿಲ್ಲ. ನಾನು ಮೆಟ್ಟಿಲ ಕೆಳಗೆ ನಿಂತೆ.

“ನೆಳ್ಳು ಬಿತ್ತಾ?”

“ಬಿತ್ತು.”

“ಐದೂ ಎಸ್ರು ಕೂಗಿದ್ಯಾ?”

ಇನ್ನೊಂದು ‘ಹೂಂ’ ಎಷ್ಟು ಸುಲಭವಿತ್ತು ಬಲ್ಲಿರಾ? ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮುದುಕಿ ನೆಮ್ಮದಿಯಾಗಿ ಊಟ ಮಾಡುತ್ತಿದ್ದರು. ನಾನು ಹೇಳಿದೆ: “ನಾಲ್ಕು ಕೂಗಿದೆ. ಐದನೇದು ಅಳಿಸಿಹೋಗಿತ್ತು. ಎಲೆ ಇಟ್ಟೆ, ಹೆಸರು ಕೂಗಲಿಲ್ಲ.”

ಪಿಳ್ಳಮ್ಮನ ಮುಖ ಕಪ್ಪಿಟ್ಟಿತು. ಒಳಗಿನಿಂದ ಹನುಮಂತರಾಯಪ್ಪ ಬಾಗಿಲಿಗೆ ಬಂದು ನಿಂತರು. ಅವರೇ ಹೇಳಿದ್ದು: “ಅದು ನಮ್ಮಕ್ಕಂದು. ಲಚ್ಚಿ. ಅನ್ನೆರಡು ವರ್ಸಕ್ಕೇ ಕಾಮಾಲೆ ಆಗಿ ಓಯ್ತು.”

ಹುರಿಗಡಲೆ, ಬೆಲ್ಲ, ಮೊಣಕಾಲೆತ್ತರದ ಕಲ್ಲು ಎಲ್ಲ ಒಟ್ಟಿಗೇ ನನಗೆ ತಿಳಿದವು. ಆಮೇಲೆ ಪಿಳ್ಳಮ್ಮ ಕೈಯೂರಿ ಎದ್ದರು. ಪಡುವಣದ ಕಡೆ ನೋಡಿದರು. ಆರು ದಾಟಿದ್ದರೂ ಬಿಸಿಲು ಹಳದಿಯಾಗಿ ಗೋಡೆಗಳ ಮೇಲಿತ್ತು.

“ಒತ್ತು ಐತೆ ಇನ್ನಾ. ಇವತ್ತು ದೊಡ್ಡ ಅಗಲು. ನಡಿ.”

ಮೋರಿಯ ಪಕ್ಕದ ಕಾಲುದಾರಿಯಲ್ಲಿ ನಡೆದು ಕಾರ್ಖಾನೆಯ ಹಿಂಬದಿಯ ಗೋಡೆಯ ಬಳಿ ಬಂದೆವು. ಗೋಡೆಯಾಚೆಗೆ ಹೊಂಗೆಯ ತಲೆ ಕಾಣುತ್ತಿತ್ತು. ಪಿಳ್ಳಮ್ಮ ಕೈ ಮುಗಿಯಲಿಲ್ಲ, ಪೂಜೆಯ ಗಾಂಭೀರ್ಯವೇನೂ ಇರಲಿಲ್ಲ. ಆಡಲು ಹೋದ ಮಗುವನ್ನು ಬಾಗಿಲಲ್ಲಿ ನಿಂತು ಕರೆಯುವ ಹಾಗೆ, ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದರು. “ಲಚ್ಚೀ... ಏ ಲಚ್ಚೀ! ಉಣ್ಣಾಕ್ ಬಾರೇ!” ನನ್ನ ಕಡೆ ತಿರುಗಿ, “ಕೂಗು” ಎಂದರು. ನಾನೂ ಕೂಗಿದೆ. ಇಬ್ಬರೂ ಸೇರಿ ಕೂಗಿದೆವು. ಗೋಡೆಯ ಮೇಲೆ ಒಂದು ತಲೆ ಕಾಣಿಸಿಕೊಂಡಿತು, ಎರಡನೆಯ ಪಾಳಿಯ ಯಾರೋ. “ಯಾರಮ್ಮಾ ಅದು? ಏನ್ ಬೇಕಿತ್ತು?”

“ಏನೂ ಬ್ಯಾಡ ಕಣಪ್ಪ. ಮಗೀನ ಕರೀತಿದ್ದೀವಿ” ಎಂದರು ಪಿಳ್ಳಮ್ಮ.

ಮನೆಗೆ ಬಂದು ಊಟ ಮಾಡಿದರು. ನನ್ನೊಡನೆ ಎರಡು ವಾರ ಮಾತಾಡಲಿಲ್ಲ. ಮೂರನೆಯ ವಾರ, “ತಲೆಗೆ ಎಣ್ಣೆ ಇಟ್ಕಳ್ಳೆ” ಎಂದರು.

ನನ್ನ ಆರ್ಡರ್ ಮತ್ತೆ ಹೊಸದಾಗಲಿಲ್ಲ. ಕಲ್ಲುಗಳ ವಿಷಯವನ್ನು ಅಪ್ಪನ ವಿಭಾಗದವರು ಮ್ಯಾನೇಜರ್ ತನಕ ಒಯ್ದರು. ಶೆಡ್ ಏಳುವ ಮೊದಲು ಒಂದು ಭಾನುವಾರ ಅವರೇ ಕೈಹಾಕಿ ಐದೂ ಕಲ್ಲುಗಳನ್ನು, ಅವುಗಳ ಬುಡದ ಮಣ್ಣಿನ ಸಮೇತ, ಹನುಮಂತರಾಯಪ್ಪನ ಟೆಂಪೋಗೆ ಏರಿಸಿಕೊಟ್ಟರು. ಅವು ವಠಾರದ ಅಂಗಳಕ್ಕೆ ಬಂದವು. ನಾನು ನಾಲ್ಕು ತಿಂಗಳು ಅಲೆದು ಯಶವಂತಪುರದ ಕಡೆ ಕೆಲಸ ಹಿಡಿದೆ, ಮನೆ ಬದಲಾಯಿತು. ಹೊರಡುವಾಗ ಪಿಳ್ಳಮ್ಮನಿಗೆ, “ಪ್ರತಿ ವರ್ಷ ಈ ಹಬ್ಬಕ್ಕೆ ಬರ್ತೀನಿ” ಎಂದೆ. ಮೂರು ವರ್ಷ ಹೋದೆ. ಆಮೇಲೆ ಮದುವೆ, ಬಾಣಂತನ, ಗಂಡನ ವರ್ಗ, ಒಂದಲ್ಲ ಒಂದು. ಪಿಳ್ಳಮ್ಮ ತೀರಿಕೊಂಡದ್ದು ನನಗೆ ತಿಳಿದದ್ದೇ ಎರಡು ವರ್ಷ ತಡವಾಗಿ. ಪೀಣ್ಯ ದೂರ ಎಂದುಕೊಂಡೆ. ಅಷ್ಟೇನೂ ದೂರವಿರಲಿಲ್ಲ.

ಲಿಫ್ಟಿನಲ್ಲಿ ಆ ಘಮ ಬಡಿದ ಮಾರನೆಯ ದಿನವೇ ದೊಡ್ಡ ಹಗಲು. ಬೆಳಿಗ್ಗೆ ನಾನು ಮಗಳಿಗೆ ಹೇಳದೆ ಮೆಟ್ರೋ ಹತ್ತಿದೆ. ಮೆಜೆಸ್ಟಿಕ್ಕಿನಲ್ಲಿ ಗಾಡಿ ಬದಲಿಸಿ ದಾಸರಹಳ್ಳಿಯಲ್ಲಿ ಇಳಿದು, ಗುರುತೇ ಸಿಗದ ಬೀದಿಗಳಲ್ಲಿ ಅರ್ಧ ಗಂಟೆ ತಿರುಗಿದೆ. ವಠಾರವಿದ್ದಲ್ಲಿ ಈಗ ನಾಲ್ಕು ಮಹಡಿಯ ಕಟ್ಟಡ. ಪಕ್ಕದ ಬಿಸಿಲು ಬೀಳುವ ಮೂಲೆಯಲ್ಲಿ ಸ್ಕೂಟರುಗಳ ಸಾಲಿನಾಚೆ ಕಲ್ಲುಗಳಿದ್ದವು. ಆರು. ಎಂಬತ್ತು ದಾಟಿದ ಮುದುಕರೊಬ್ಬರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಅವುಗಳ ಸುತ್ತ ತೊಳೆಸುತ್ತಿದ್ದರು. ನನ್ನನ್ನು ಬಹಳ ಹೊತ್ತು ನೋಡಿದರು.

“ಟೈಪಿಸ್ಟಮ್ಮ ಅಲ್ವಾ?”

ಹನುಮಂತರಾಯಪ್ಪ. ಕೇಳಬೇಕೆಂದು ಇಷ್ಟು ವರ್ಷ ಇಟ್ಟುಕೊಂಡಿದ್ದುದನ್ನು ಕೊನೆಗೆ ಕೇಳಿದೆ: “ಅಮ್ಮ ನನ್ನ ಬಗ್ಗೆ ಏನಾದ್ರೂ ಹೇಳ್ತಿದ್ರಾ?”

ಅವರು ನಕ್ಕರು, ಎರಡು ಹಲ್ಲು ಉಳಿದಿದ್ದವು. “ಯೋಳ್ತಿದ್ಲು. ಆ ಉಡ್ಗಿ ಸುಳ್ಳು ಯೋಳ್ದಾಗ ಕ್ವಾಪ ಬಂತು ಕಣೋ, ನಿಜ ಯೋಳ್ದಾಗ ಅದ್ಕಿಂತ ಜಾಸ್ತಿ ಬಂತು, ಅಂತಿದ್ಲು.”

“ಆಮೇಲೆ?”

“ಆಮೇಲೇನು, ಎಲ್ರ ಎಲೆ ಎಣಿಸುವಾಗ ನಿಮ್ದೂ ಒಂದು ಎಣಿಸ್ತಿದ್ಲು. ಬತ್ತಾಳೆ ಇರು, ಅಂತ. ಕೂತ್ಕಳಿ, ಅಡ್ಗೆ ಆಗ್ತಾ ಐತೆ.”

ಚಪ್ಪಲಿ ಬಿಟ್ಟೆ. ಕುರ್ಚಿ ಬೇಡವೆಂದು ಆರನೆಯ ಕಲ್ಲಿನ ಪಕ್ಕ ನೆಲದ ಮೇಲೆಯೇ ಕೂತೆ. ಮಂಡಿ ನೋಯುತ್ತಿತ್ತು, ನೋಯಲಿ ಎಂದು ಬಿಟ್ಟೆ. ಚೀಲದಲ್ಲಿ ಫೋನ್ ಬಡಿದುಕೊಂಡಿತು. ಮಗಳು, ಗಾಬರಿಯ ದನಿ. “ಅಮ್ಮಾ, ಎಲ್ಲಿಗ್ ಹೋದೆ ಹೇಳ್ದೆ ಕೇಳ್ದೆ? ಎಲ್ಲಿದ್ದೀಯ?”

“ದಾಸರಹಳ್ಳೀಲಿ. ನಮ್ಮೋರ ಮನೇಲಿ.”

“ದಾಸರಹಳ್ಳೀಲಿ ನಮ್ಮೋರು ಯಾರಿದ್ದಾರೆ?”

“ಬಂದು ಹೇಳ್ತೀನಿ” ಎಂದೆ. “ಊಟಕ್ಕೆ ಕಾಯ್ಬೇಡ, ನಾನಿಲ್ಲಿ ಕೂತಿದ್ದೀನಿ.”